ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಬೇಡದ ಸಾಫ್ಟ್‌ವೇರ್ ನಾವೇ ತೆಗೆಯಬಹುದಾ? ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿ ಅಂತಿದ್ದಾರೆ

ಮಗಳ ಕಾಲೇಜಿಗೆಂದು ಕಲಬುರಗಿಯಲ್ಲಿ ಹೊಸ ಲ್ಯಾಪ್‌ಟಾಪ್ ತಂದಿದ್ದೀರಿ. ವಿಂಡೋಸ್ 11, 8 ಜಿಬಿ ರ‍್ಯಾಮ್. ಆನ್ ಮಾಡಿದರೆ ಸಾಕು, ಜೊತೆಗೆ ಬಂದ ಆಂಟಿವೈರಸ್ ‘ಇನ್ನು 23 ದಿನ ಮಾತ್ರ’ ಅಂತ ಹೆದರಿಸುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ನೀವು ಹಾಕದ ಗೇಮ್‌ಗಳು, ಶಾಪಿಂಗ್ ಐಕಾನ್‌ಗಳು. 800 ರೂಪಾಯಿ ಕೊಟ್ಟರೆ ಫಾರ್ಮ್ಯಾಟ್ ಮಾಡಿ, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ, ಕ್ಲೀನ್ ಮಾಡಿಕೊಡುತ್ತೇವೆ ಅಂತ ಅಂಗಡಿಯವರು. ಮನೆಯಲ್ಲೇ ಮಾಡಿಕೊಳ್ಳಬಹುದಾ, ಏನಾದರೂ ಕೆಡುತ್ತದಾ ಅನ್ನುವುದು ನಿಮ್ಮ ಪ್ರಶ್ನೆ.

ಮಾಡಿಕೊಳ್ಳಬಹುದು. 800 ರೂಪಾಯಿ ಜೇಬಿನಲ್ಲೇ ಇರಲಿ. ಫಾರ್ಮ್ಯಾಟ್ ಅಂತೂ ಈಗ ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಕಪನೂರು ಕಡೆಯ ನಾಲ್ಕೈದು ದಾಲ್ ಮಿಲ್‌ಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಹೊಸ ಮಷೀನು ಬಂದಾಗೆಲ್ಲ ಇದೇ ಕೆಲಸ. ಮಿಲ್ಲಿನಲ್ಲಿ ಇದಕ್ಕೆ ‘ಹಸನು ಮಾಡೋದು’ ಅಂತಲೇ ಹೆಸರು. ಹೆಸರು ಸರಿಯಾಗೇ ಇದೆ. ಬೇಳೆಯಲ್ಲಿ ಕಲ್ಲು ಕಂಡರೆ ಆರಿಸಿ ಬಿಸಾಕುತ್ತೀರಿ, ಕಲ್ಲಿದೆ ಅಂತ ಮೊರದ ಬೇಳೆಯನ್ನೆಲ್ಲ ತಿಪ್ಪೆಗೆ ಸುರಿಯುವುದಿಲ್ಲ ಅಲ್ವಾ?

ಮೊದಲು ಆಂಟಿವೈರಸ್. ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುವುದೂ ಅದೇ, ತೆಗೆದಾಗ ಜಾಸ್ತಿ ನೆಮ್ಮದಿ ಸಿಗುವುದೂ ಅದರಿಂದಲೇ. ‘ತೆಗೆದರೆ ವೈರಸ್ ಬರುತ್ತಲ್ಲ’ ಅಂತ ಎಲ್ಲರಿಗೂ ಹೆದರಿಕೆ. ವಿಂಡೋಸ್‌ನಲ್ಲಿ ಡಿಫೆಂಡರ್ ಅಂತ ಅದರದೇ ಆಂಟಿವೈರಸ್ ಇದೆ, ಪುಕ್ಕಟೆ. ಬೇರೆ ಆಂಟಿವೈರಸ್ ಇದ್ದರೆ ಅದು ಸುಮ್ನೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಆ ಬೇರೆಯದನ್ನು ತೆಗೆದ ಕೂಡಲೇ ಡಿಫೆಂಡರ್ ತಾನಾಗಿ ಎದ್ದು ಕೆಲಸ ಶುರು ಮಾಡುತ್ತದೆ. ಮನೆ ಬಳಕೆಗೆ, ಕಾಲೇಜಿಗೆ ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲೂ ಅದೊಂದೇ ಇರುವುದು.

ವಿಂಡೋಸ್ ಕೀ ಹಿಡಿದು ಐ ಒತ್ತಿ, ಸೆಟ್ಟಿಂಗ್ಸ್ ತೆರೆಯುತ್ತದೆ. ಆಪ್ಸ್, ಅದರೊಳಗೆ ಇನ್‌ಸ್ಟಾಲ್ಡ್ ಆಪ್ಸ್. ಆಂಟಿವೈರಸ್ ಹೆಸರಿನ ಎದುರು ಮೂರು ಚುಕ್ಕಿ ಇವೆ, ಒತ್ತಿ ಅನ್‌ಇನ್‌ಸ್ಟಾಲ್ ಕೊಡಿ. ಹೋಗುವಾಗಲೂ ಅದು ಬೇಡಿಕೊಳ್ಳುತ್ತದೆ: ‘ಖಂಡಿತ ತೆಗೆಯುತ್ತೀರಾ? ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಡಿಸ್ಕೌಂಟ್ ಕೊಡುತ್ತೇವೆ.’ ದೊಡ್ಡ ಬಣ್ಣದ ಬಟನ್ ಯಾವಾಗಲೂ ‘ಇಟ್ಟುಕೊಳ್ಳಿ’ ಅನ್ನುವುದೇ ಆಗಿರುತ್ತದೆ. ತೆಗೆಯುವ ಬಟನ್ ಮೂಲೆಯಲ್ಲಿ ಬೂದು ಬಣ್ಣದಲ್ಲಿ ಕೂತಿರುತ್ತದೆ. ಸಾವಕಾಶ ಓದಿ ಒತ್ತಿ, ಆಮೇಲೆ ರೀಸ್ಟಾರ್ಟ್ ಮಾಡಿ.

ಹೀಗೆ ತೆಗೆದರೂ ಕೆಲವು ಸಲ ಬಾಲ ಉಳಿಯುತ್ತದೆ. ಅದಕ್ಕೆ ಆ ಕಂಪನಿಗಳೇ ಬೇರೆ ಟೂಲ್ ಕೊಡುತ್ತವೆ. ಮ್ಯಾಕಫೀಗೆ ಎಂಸಿಪಿಆರ್ ಇದೆ, ನಾರ್ಟನ್‌ಗೆ ರಿಮೂವ್ ಅಂಡ್ ರೀಇನ್‌ಸ್ಟಾಲ್ ಅನ್ನುವುದಿದೆ. ಕಂಪನಿಯ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ, ಒಂದು ಕಸ ತೆಗೆಯಲು ಹೋಗಿ ಇನ್ನೊಂದು ಕಸ ಬರುತ್ತದೆ. ಕೊನೆಗೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಎದುರು ಹಸಿರು ಗುರುತು ಇದೆಯಾ ನೋಡಿ.

ಆಂಟಿವೈರಸ್ ಹೋದ ಮೇಲೂ ಬಲಗಡೆ ಕೆಳಮೂಲೆಯಲ್ಲಿ ‘5 ವೈರಸ್ ಸಿಕ್ಕಿವೆ’ ಅಂತ ಬರುತ್ತಿದ್ದರೆ ಅದು ಸಾಫ್ಟ್‌ವೇರ್ ಇರಲಿಕ್ಕಿಲ್ಲ. ಯಾವುದೋ ಸೈಟಿನಲ್ಲಿ ಮಗಳು ಅರಿಯದೆ ‘ಅಲೋ’ ಒತ್ತಿರುತ್ತಾಳೆ, ಆ ಸೈಟು ಬ್ರೌಸರ್ ಮೂಲಕ ನೋಟಿಫಿಕೇಶನ್ ಕಳಿಸುತ್ತಿರುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಹುಡುಕಿ, ಗೊತ್ತಿಲ್ಲದ ಸೈಟುಗಳನ್ನೆಲ್ಲ ಕಿತ್ತುಹಾಕಿ. ವೈರಸ್ ಬಂದಿದೆ ಅಂತ ನನ್ನ ಹತ್ತಿರ ತಂದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದ್ದದ್ದು ಇಷ್ಟೇ.

ಗೇಮ್, ಶಾಪಿಂಗ್ ಐಕಾನ್‌ಗಳದ್ದು ದೊಡ್ಡ ಮಾತಲ್ಲ. ಕೆಲವು ಬರೀ ಲಿಂಕ್, ಒತ್ತಿದಾಗಲೇ ಡೌನ್‌ಲೋಡ್ ಆಗುವಂಥವು. ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಅಥವಾ ಅನ್‌ಪಿನ್. ಎಡ್ಜ್ ಬ್ರೌಸರ್ ಮಾತ್ರ ಹೋಗುವುದಿಲ್ಲ. ಯುರೋಪಿನಲ್ಲಿ ಹೊಸ ಕಾನೂನು ಬಂದ ಮೇಲೆ 2024ರಿಂದ ಅಲ್ಲಿಯವರು ಅದನ್ನೂ ತೆಗೆಯಬಹುದು, ನಮಗೆ ಆ ಭಾಗ್ಯವಿಲ್ಲ. ಬೇಡವಾದರೆ ಬಳಸಬೇಡಿ, ಅದರ ಜೊತೆ ಗುದ್ದಾಡಿ ಉಪಯೋಗವಿಲ್ಲ.

ಈಗ ಒನ್‌ಡ್ರೈವ್ ಬಗ್ಗೆ, ಅಂದರೆ ನಿಮ್ಮ ಫೈಲುಗಳನ್ನು ಆನ್‌ಲೈನ್‌ನಲ್ಲಿ ಇಡುವ ಮೈಕ್ರೋಸಾಫ್ಟ್ ಆಪ್. ಇಲ್ಲಿ ನಾನು ಒಮ್ಮೆ ಎಡವಿದ್ದೇನೆ.

ಒಂದು ಮಿಲ್ಲಿನ ಮುನೀಮ ಕಾಕಾನ ಕಂಪ್ಯೂಟರ್. ಅವರಿಗೆ ಫೋಲ್ಡರ್ ಗೀಲ್ಡರ್ ಗೊತ್ತಿಲ್ಲ, ಎಲ್ಲ ಲೆಕ್ಕವೂ ಡೆಸ್ಕ್‌ಟಾಪ್ ಮೇಲೆ. ತೊಗರಿ ಆವಕ, ಚೀಲದ ಲೆಕ್ಕ, ಹಮಾಲಿ, ಲಾರಿ ಬಾಡಿಗೆ, ಒಂದೊಂದಕ್ಕೂ ಒಂದೊಂದು ಎಕ್ಸೆಲ್ ಫೈಲು, ಪರದೆ ತುಂಬ ಹಸಿರೋ ಹಸಿರು. ‘ಜಾಗ ತುಂಬಿದೆ’ ಅಂತ ಒನ್‌ಡ್ರೈವ್ ದಿನಾ ಕೂಗುತ್ತಿತ್ತು. ಪುಕ್ಕಟೆ ಸಿಗುವುದು 5 ಜಿಬಿ ಮಾತ್ರ ನೋಡಿ. ನಾನು ಅವಸರದಲ್ಲಿ ಬ್ಯಾಕಪ್ ನಿಲ್ಲಿಸಿದೆ, ಒನ್‌ಡ್ರೈವ್ ತೆಗೆದೆ, ಚಹಾ ಕುಡಿಯಲು ಹೋದೆ. ವಾಪಸ್ ಬಂದರೆ ಕಾಕಾ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತಿದ್ದಾರೆ. ಡೆಸ್ಕ್‌ಟಾಪ್ ಪೂರ್ತಿ ಬೋಳು.

“ತಮ್ಮಾ, ನನ್ನ ಲೆಕ್ಕ ಎಲ್ಲಾ ಎಲ್ಲಿ ಹೋದ್ವೊ? ಮುಂಜಾನಿ ತನಕ ಇಲ್ಲೇ ಇದ್ವಲ್ಲ!”

ಆಗಿದ್ದಿಷ್ಟೇ. ಒನ್‌ಡ್ರೈವ್ ಬ್ಯಾಕಪ್ ಚಾಲೂ ಇದ್ದರೆ ನೀವು ನೋಡುವ ಡೆಸ್ಕ್‌ಟಾಪ್ ನಿಜವಾಗಿ ಒನ್‌ಡ್ರೈವ್ ಫೋಲ್ಡರಿನ ಒಳಗೆ ಇರುತ್ತದೆ. ಬ್ಯಾಕಪ್ ನಿಲ್ಲಿಸಿದಾಗ ಫೈಲುಗಳು ಅಲ್ಲೇ ಉಳಿದು, ಮುಂದೆ ಕಾಣುವ ಡೆಸ್ಕ್‌ಟಾಪ್ ಖಾಲಿಯಾಗಿತ್ತು. ಜೊತೆಗೆ ಕೆಲವು ಫೈಲುಗಳು ಕಂಪ್ಯೂಟರಿನಲ್ಲಿ ಇರಲೇ ಇಲ್ಲ, ಹೆಸರು ಮಾತ್ರ ಇಲ್ಲಿ, ಫೈಲು ಆನ್‌ಲೈನ್‌ನಲ್ಲಿ. ಅರ್ಧ ಒನ್‌ಡ್ರೈವ್ ಫೋಲ್ಡರಿನಿಂದ ಎತ್ತಿದೆ, ಉಳಿದದ್ದು ವೆಬ್‌ಸೈಟಿಗೆ ಲಾಗಿನ್ ಆಗಿ ಇಳಿಸಿದೆ. ಒಂದೂ ಹೋಗಲಿಲ್ಲ, ಆದರೆ ಆ ಒಂದು ತಾಸು ಕಾಕಾ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಆದ್ದರಿಂದ ನೀವು ಮೊದಲು ಮುಖ್ಯ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಅವು ಅಲ್ಲಿ ತೆರೆಯುತ್ತವಾ ನೋಡಿ, ಆಮೇಲೆ ಒನ್‌ಡ್ರೈವ್ ಮುಟ್ಟಿ. ಹೊಸ ಲ್ಯಾಪ್‌ಟಾಪ್ ಅಂದರೆ ಇನ್ನೂ ಫೈಲುಗಳೇ ಕಡಿಮೆ, ಇದಕ್ಕೆ ಈಗಲೇ ಒಳ್ಳೆಯ ಸಮಯ.

ಮುಟ್ಟಬಾರದ್ದೂ ಕೆಲವು ಇವೆ. ರಿಯಲ್‌ಟೆಕ್, ಇಂಟೆಲ್, ಎಎಂಡಿ, ಡಾಲ್ಬಿ ಅಂತ ಹೆಸರಿದ್ದರೆ ಬಿಟ್ಟುಬಿಡಿ, ಅವು ಸೌಂಡು, ಡಿಸ್‌ಪ್ಲೇಗೆ ಸಂಬಂಧಪಟ್ಟವು. ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಅಂತ ವರ್ಷದ ಸಮೇತ ನಾಲ್ಕೈದು ಸಾಲು ಕಾಣಬಹುದು. ಒಂದೇ ಇದ್ದರೆ ಸಾಕಲ್ಲ ಅಂತ ಉಳಿದದ್ದು ತೆಗೆಯಬೇಡಿ, ಬೇರೆ ಬೇರೆ ಪ್ರೋಗ್ರಾಮಿಗೆ ಬೇರೆ ಬೇರೆ ಬೇಕು. ವೆಬ್‌ವ್ಯೂ2 ಕೂಡ ಇರಲಿ, ಬೇರೆ ಆಪ್‌ಗಳು ತಮ್ಮೊಳಗೆ ವೆಬ್ ಪುಟ ತೋರಿಸಲು ಅದನ್ನು ಬಳಸುತ್ತವೆ. ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಆಪ್ ಒಂದಿರುತ್ತದೆ. ಅದನ್ನೂ ಕಸ ಅಂತ ಬಿಸಾಕುವವರಿದ್ದಾರೆ, ನಾನು ಇಟ್ಟುಕೊಳ್ಳುತ್ತೇನೆ. ಬಯೋಸ್, ಅಂದರೆ ಲ್ಯಾಪ್‌ಟಾಪ್ ಆನ್ ಆಗಿಸುವ ಮೂಲ ಸಾಫ್ಟ್‌ವೇರ್, ಅದರ ಅಪ್‌ಡೇಟ್ ಈ ಆಪ್‌ನಿಂದ ಬರುತ್ತದೆ. ಕೆಲವದರಲ್ಲಿ ಬ್ಯಾಟರಿ ಚಾರ್ಜ್ ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯವೂ ಇರುತ್ತದೆ. ನಮ್ಮ ಕಲಬುರಗಿ ಬೇಸಿಗೆಯಲ್ಲಿ ದಿನವಿಡೀ ಚಾರ್ಜರ್ ಹಚ್ಚಿಟ್ಟೇ ಕೆಲಸ ಮಾಡುವವರ ಬ್ಯಾಟರಿಗೆ ಅದು ಒಳ್ಳೆಯದು.

ಯೂಟ್ಯೂಬ್‌ನಲ್ಲಿ ‘ಒಂದೇ ಕಮಾಂಡಿನಲ್ಲಿ ಎಲ್ಲ ಕಸ ಮಾಯ’ ಅನ್ನುವ ಸ್ಕ್ರಿಪ್ಟುಗಳನ್ನು ದಯವಿಟ್ಟು ಓಡಿಸಬೇಡಿ. ಅಕ್ಕನ ಮಗಳ ಲ್ಯಾಪ್‌ಟಾಪಿನಲ್ಲಿ ನಾನೇ ಓಡಿಸಿದ್ದೆ. ಮರುದಿನ ಅವಳ ಫೋನು: “ಮಾಮಾ, ಕ್ಯಾಲ್ಕುಲೇಟರ್ ಎಲ್ಲಿ ಒಯ್ದಿ?” ಕ್ಯಾಲ್ಕುಲೇಟರ್ ಅಷ್ಟೇ ಅಲ್ಲ, ಕ್ಯಾಮೆರಾ ಹೋಗಿತ್ತು, ಮರಳಿ ಹಾಕಿಕೊಳ್ಳೋಣ ಅಂದರೆ ಸ್ಟೋರ್ ಕೂಡ ಹೋಗಿತ್ತು.

ಫಾರ್ಮ್ಯಾಟ್ ಯಾಕೆ ಬೇಡ ಅಂದರೆ, ನಿಮ್ಮ ಲ್ಯಾಪ್‌ಟಾಪಿನ ಜೊತೆ ಅಸಲಿ ವಿಂಡೋಸ್‌ಗೆ ನೀವು ದುಡ್ಡು ಕೊಟ್ಟಿದ್ದೀರಿ, ಅದರ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ. ಬಿಲ್ಲಿನಲ್ಲಿ ಮೈಕ್ರೋಸಾಫ್ಟ್ ಆಫೀಸ್ ಅಂತ ಇದ್ದರೆ ಅದಕ್ಕೂ ಕೊಟ್ಟಿದ್ದೀರಿ. ಅದನ್ನು ಮೊದಲು ಮಗಳ ಮೈಕ್ರೋಸಾಫ್ಟ್ ಅಕೌಂಟಿಗೆ ಸೇರಿಸಿಕೊಳ್ಳಿ. ಹಾಗೆ ಮಾಡದೆ ಫಾರ್ಮ್ಯಾಟಿಗೆ ಕೊಟ್ಟರೆ, ಅಸಲಿ ಹೋಗಿ ಕ್ರ್ಯಾಕ್ ಮಾಡಿದ ಆಫೀಸ್ ಕೈಗೆ ಬರುವ ಸಾಧ್ಯತೆ ಇದೆ. ಎಲ್ಲ ಅಂಗಡಿಯವರೂ ಹಾಗೆ ಅಂತಲ್ಲ, ಆದರೂ ಕೇಳಿ ಕೊಡಿ.

ಅನ್‌ಇನ್‌ಸ್ಟಾಲ್ ಸಾಲದೆ ಹೋದ ಉದಾಹರಣೆಯೂ ಇದೆ, ಸುಳ್ಳು ಹೇಳುವುದಿಲ್ಲ. 2014ರ ಕೊನೆಯಲ್ಲಿ ಮಾರಿದ ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಅನ್ನುವ ಜಾಹೀರಾತು ಸಾಫ್ಟ್‌ವೇರ್ ಇತ್ತು. ಬ್ಯಾಂಕ್ ಸೈಟು ಅಸಲಿ ಅಂತ ಬ್ರೌಸರ್ ಗುರುತಿಸುವುದು ಸರ್ಟಿಫಿಕೇಟ್ ನೋಡಿ. ಈ ಮಹಾಶಯ ತನ್ನದೇ ಸರ್ಟಿಫಿಕೇಟ್ ಒಳಗೆ ತೂರಿಸಿದ್ದ. ಎಲ್ಲ ಲ್ಯಾಪ್‌ಟಾಪಿಗೂ ಒಂದೇ ಬೀಗದ ಕೀ, ಅದೂ ಬಹಿರಂಗವಾಯಿತು, ಅಂದರೆ ನಕಲಿ ಸೈಟನ್ನೂ ಬ್ರೌಸರ್ ಅಸಲಿ ಅಂತ ನಂಬುವ ಹಾಗಾಯಿತು. ಪ್ರೋಗ್ರಾಮ್ ತೆಗೆದರೂ ಸರ್ಟಿಫಿಕೇಟ್ ಉಳಿಯುತ್ತಿತ್ತು. 2015ರ ಫೆಬ್ರುವರಿಯಲ್ಲಿ ಗಲಾಟೆಯಾದ ಮೇಲೆ ಕಂಪನಿಯೇ ಅದನ್ನು ಪೂರ್ತಿ ತೆಗೆಯುವ ಟೂಲ್ ಕೊಟ್ಟಿತು. ನಿಮ್ಮದರಲ್ಲಿ ಅಂಥದ್ದಿದೆ ಅಂತ ಹೇಳುತ್ತಿಲ್ಲ. ತೆಗೆದದ್ದು ಪದೇ ಪದೇ ಮರಳಿ ಬಂದರೆ ಮಾತ್ರ ವಿಂಡೋಸ್ ಹೊಸದಾಗಿ ಹಾಕುವ ಯೋಚನೆ ಮಾಡಿ.

ಅದನ್ನೂ ನೀವೇ ಮಾಡಬಹುದು: ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ರೀಸೆಟ್ ದಿಸ್ ಪಿಸಿ. ಕ್ಲೌಡ್ ಡೌನ್‌ಲೋಡ್ ಆರಿಸಿದರೆ 4 ಜಿಬಿಗಿಂತ ಜಾಸ್ತಿ ಡೇಟಾ ಬೇಕು, ದಿನಕ್ಕೆ 2 ಜಿಬಿ ಬರುವ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಚಾರ್ಜರ್ ಹಚ್ಚಿ, ಕರೆಂಟ್ ಹೋಗದ ಹೊತ್ತು ನೋಡಿ ಶುರು ಮಾಡಿ. ಅದಕ್ಕೂ ಮೊದಲು ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ, 48 ಅಂಕಿ ಇರುತ್ತದೆ, ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ನೋಡಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಮಧ್ಯದಲ್ಲಿ ಅದನ್ನು ಕೇಳಿ ಕೂತರೆ ಬೇರೆ ದಾರಿ ಇಲ್ಲ.

ಇಷ್ಟೆಲ್ಲ ತೆಗೆದರೆ ಲ್ಯಾಪ್‌ಟಾಪ್ ಗಾಳಿಯಂತೆ ಓಡುತ್ತದಾ? ಎಸ್‌ಎಸ್‌ಡಿ (ಹಳೆಯ ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕು) ಇದ್ದರೆ ಅಂಥ ದೊಡ್ಡ ವ್ಯತ್ಯಾಸ ಕಾಣಲಿಕ್ಕಿಲ್ಲ, ಕಾಟ ತಪ್ಪುತ್ತದೆ ಅಷ್ಟೇ. ಹೊಸದರಲ್ಲಿ ಒಂದೆರಡು ದಿನ ಅಪ್‌ಡೇಟ್ ಇಳಿಯುತ್ತಾ ನಿಧಾನ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್ಅಪ್ ಆಪ್ಸ್‌ಗೆ ಹೋಗಿ. ಆನ್ ಆದ ಕೂಡಲೇ ಯಾವುದು ಬೇಡವೋ ಅದನ್ನು ಡಿಸೇಬಲ್ ಮಾಡಿ. ತೆಗೆಯಲು ಧೈರ್ಯ ಬಾರದ ಆಪ್‌ಗೂ ಇದೇ ಉಪಾಯ, ಬೇಕೆನಿಸಿದರೆ ಮತ್ತೆ ಎನೇಬಲ್ ಮಾಡಬಹುದು.

ಪಟ್ಟಿಯಲ್ಲಿ ಯಾವುದಾದರೂ ಹೆಸರು ಅರ್ಥವಾಗದಿದ್ದರೆ ತೆಗೆಯುವ ಮೊದಲು ಇಲ್ಲೇ ಕೆಳಗೆ ಹಾಕಿ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಕಂಪನಿಯ ಹೆಸರೂ ಇರುತ್ತದೆ, ಅದನ್ನೂ ಬರೆಯಿರಿ. ರಾತ್ರಿ ಮಿಲ್ಲಿನಿಂದ ಬಂದ ಮೇಲೆ ನೋಡಿ ಹೇಳುತ್ತೇನೆ.