ಒಂಟಾರಿಯೊದಲ್ಲಿ ಕೆಲಸದ ಜಾಗದ ಕಿರುಕುಳ: ಮಾಲೀಕರ ಹೊಣೆ ಎಷ್ಟು?

ಮಂಡ್ಯದಿಂದ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ಕೆನಡಾದ ಒಂಟಾರಿಯೊ ಪ್ರಾಂತ್ಯದ ಗೋದಾಮಿನಲ್ಲಿ ಮೇಲ್ವಿಚಾರಕ ಹೀನಾಯವಾಗಿ ಬೈದರೆ ಅಥವಾ ಕೈಮಾಡಲು ಬಂದರೆ ದೂರು ಕೊಡಬಹುದೇ, ಕೊಟ್ಟರೆ, ಒಬ್ಬರೇ ಮಾಲೀಕರ ಬಳಿ ದುಡಿಯಬೇಕೆಂಬ ಷರತ್ತಿನ ವರ್ಕ್ ಪರ್ಮಿಟ್ ಕೈತಪ್ಪುತ್ತದೆಯೇ? ಮೈಸೂರಿನಿಂದ ಬಂದು ಇಲ್ಲೇ ನೆಲೆಸಿರುವ ನಾನು ವಕೀಲನಲ್ಲ, ಆದರೆ ನಮ್ಮ ಕಾರ್ಖಾನೆಯ ಸುರಕ್ಷತಾ ಸಮಿತಿಯಲ್ಲಿ ಕೆಲಸಗಾರರ ಪರವಾಗಿ ಕೂರುವುದರಿಂದ ಈ ಕಾನೂನಿನ ಪರಿಚಯವಿದೆ.

ಭಾರತದಲ್ಲಿ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕಾದರೂ, ಅದು ನೋಡುವುದು ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ಮಾತ್ರ. ಇಲ್ಲಿ ಒಂಟಾರಿಯೊದ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆಗೆ ಮಾಡಿ, 2010ರ ಜೂನ್ 15ರಂದು ಜಾರಿಗೆ ಬಂದ ತಿದ್ದುಪಡಿ ಹೆಂಗಸರು, ಗಂಡಸರು ಇಬ್ಬರಿಗೂ ಅನ್ವಯಿಸುತ್ತದೆ. ಬೈಗುಳ, ಬೆದರಿಕೆ, ಹಲ್ಲೆ ಎಲ್ಲವೂ ಅದರೊಳಗೆ ಬರುತ್ತವೆ. ವಿಂಡ್ಸರ್ ನಗರದ ಆಸ್ಪತ್ರೆಯೊಂದರಲ್ಲಿ ಲೋರಿ ಡುಪಾಂಟ್ ಎಂಬ ನರ್ಸ್ 2005ರಲ್ಲಿ ಕರ್ತವ್ಯದಲ್ಲಿದ್ದಾಗಲೇ, ಹಿಂದೆ ತಮ್ಮ ಸಂಗಾತಿಯಾಗಿದ್ದ ವೈದ್ಯನಿಂದ ಕೊಲೆಯಾದ ಪ್ರಕರಣ ಈ ತಿದ್ದುಪಡಿಗೆ ಮುಖ್ಯ ಪ್ರೇರಣೆ. ಹಾಗಾಗಿಯೇ, ಮನೆಯ ಜಗಳ ಕೆಲಸದ ಜಾಗಕ್ಕೆ ಬಂದು ಯಾರಿಗಾದರೂ ಪೆಟ್ಟಾಗುವ ಸಂಭವವಿದೆಯೆಂದು ಮಾಲೀಕರಿಗೆ ತಿಳಿದಿದ್ದರೆ, ಅಥವಾ ತಿಳಿದಿರಬೇಕಿತ್ತು ಎನ್ನುವಂತಿದ್ದರೆ, ಅವರು ತಕ್ಕ ಮುನ್ನೆಚ್ಚರಿಕೆ ವಹಿಸಲೇಬೇಕು. ಅದು ನಿಮ್ಮ ಸಂಸಾರದ ವಿಷಯ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಹಿಂಸೆಯ ಅಪಾಯ ಎಲ್ಲೆಲ್ಲಿದೆ ಎಂದು ಮೊದಲೇ ಅಂದಾಜು ಮಾಡುವುದು, ನೀತಿ ರೂಪಿಸಿ ವರ್ಷಕ್ಕೊಮ್ಮೆಯಾದರೂ ಪರಿಶೀಲಿಸುವುದು, ಕೆಲಸಗಾರರಿಗೆ ಅದನ್ನು ತಿಳಿಸಿಕೊಡುವುದು ಮಾಲೀಕರ ಕೆಲಸ. ಕಿರುಕುಳದ ದೂರು ಬಂದರೆ ಸೂಕ್ತ ತನಿಖೆ ನಡೆಸಿ, ಅದರ ಫಲಿತಾಂಶವನ್ನೂ ಕೈಗೊಂಡ ಕ್ರಮವನ್ನೂ ದೂರುದಾರರಿಗೆ ಬರಹದಲ್ಲಿ ತಿಳಿಸಬೇಕೆಂಬ ನಿಯಮ 2016ರ ಸೆಪ್ಟೆಂಬರ್‌ನಿಂದ ಇದೆ. ತನಿಖೆ ಕಾಟಾಚಾರದ್ದೆನಿಸಿದರೆ, ಮಾಲೀಕರ ಖರ್ಚಿನಲ್ಲೇ ಹೊರಗಿನವರಿಂದ ತನಿಖೆ ಮಾಡಿಸಲು ಕಾರ್ಮಿಕ ಸಚಿವಾಲಯದ ಇನ್‌ಸ್ಪೆಕ್ಟರ್ ಆದೇಶಿಸಬಹುದು. ಫೋನ್, ವಾಟ್ಸ್‌ಆ್ಯಪ್ ಮೂಲಕ ನಡೆಯುವ ಕಿರುಕುಳವನ್ನು 2024ರಲ್ಲಿ ಸ್ಪಷ್ಟವಾಗಿ ಸೇರಿಸಲಾಗಿದೆ.

ಆದರೆ ಪಾಳಿ ಬದಲಿಸುವುದು, ತಪ್ಪು ಎತ್ತಿ ತೋರಿಸುವುದು ಮುಂತಾದ ನ್ಯಾಯವಾದ ಮೇಲ್ವಿಚಾರಣೆ ಕಿರುಕುಳವಲ್ಲ. ಹೊಸಬರು ಇದನ್ನು ಮರೆಯುವುದನ್ನು ನೋಡಿದ್ದೇನೆ. ಇನ್ನು, ಹಲ್ಲೆಯ ಅಪಾಯವಿದ್ದರೆ ಕೆಲಸ ನಿರಾಕರಿಸುವ ಹಕ್ಕಿದೆ, ಬರೀ ಬೈಗುಳಕ್ಕೆ ಆ ಹಕ್ಕಿಲ್ಲ.

ಪರ್ಮಿಟ್ ವಿಷಯಕ್ಕೆ ಬರುತ್ತೇನೆ, ನಿಮ್ಮ ನಿಜವಾದ ಭಯ ಅದೇ ಎಂದು ಕಾಣುತ್ತದೆ. ಈ ಕಾಯ್ದೆಯಡಿ ಹಕ್ಕು ಕೇಳಿದ್ದಕ್ಕೆ ಕೆಲಸದಿಂದ ತೆಗೆಯುವುದು ನಿಷಿದ್ಧ. ತೆಗೆದರೆ, ಇಂಥ ಕಾರ್ಮಿಕ ವ್ಯಾಜ್ಯಗಳನ್ನು ತೀರ್ಮಾನಿಸುವ ಒಂಟಾರಿಯೊ ಲೇಬರ್ ರಿಲೇಷನ್ಸ್ ಬೋರ್ಡ್‌ಗೆ ಹೋಗಬಹುದು. ಇದಲ್ಲದೆ, ದೌರ್ಜನ್ಯಕ್ಕೆ ಒಳಗಾದವರು ಬೇರೆ ಕಡೆ ದುಡಿಯಲು ಅನುಕೂಲವಾಗುವ ಓಪನ್ ವರ್ಕ್ ಪರ್ಮಿಟ್ಟನ್ನು ಕೆನಡಾ ಸರ್ಕಾರ 2019ರಿಂದ ಕೊಡುತ್ತಿದೆ. ಅರ್ಜಿಯ ಜೊತೆ ಪುರಾವೆ ಬೇಕಾಗುವುದರಿಂದ ಯಾವ ದಿನ ಏನಾಯಿತು, ಯಾರು ಕಂಡರು ಎಂಬುದನ್ನು ಅಂದೇ ಬರೆದಿಡಿ, ಬಂದ ಸಂದೇಶಗಳನ್ನು ಅಳಿಸಬೇಡಿ. ಈಗಿನ ಪರ್ಮಿಟ್ ಚಾಲ್ತಿಯಲ್ಲಿರುವಾಗಲೇ ಅರ್ಜಿ ಹಾಕುವುದು ಕ್ಷೇಮ. ಅವಧಿ ಮುಗಿಯುವವರೆಗೆ ಹಲ್ಲುಕಚ್ಚಿ ಕಾಯಬೇಡಿ.