ಸಂಪಾದಕರ ಉತ್ತರ: ರೈಲಿನಲ್ಲಿ ಕೂತು ಏನು ಕೇಳೋದು?

ಬಂಗಾರಪೇಟೆಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ದಿನಾ ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಲೇಡೀಸ್ ಬೋಗಿಯಲ್ಲಿ ನಾಲ್ಕೈದು ಜನರ ಗುಂಪಂತೆ. ಹಾಡು ಕೇಳಿ ಸಾಕಾಗಿದೆ, ರೀಲ್ಸ್ ನೋಡಿದರೆ ಕಣ್ಣು ಉರಿ. "ಅಮೆರಿಕದ ಪಬ್ಲಿಕ್ ರೇಡಿಯೋ ಪಾಡ್‌ಕಾಸ್ಟ್ ಚೆನ್ನಾಗಿರುತ್ತೆ ಅಂತ ನಿಮ್ಮ ಪತ್ರಿಕೆಯಲ್ಲೇ ಒಂದ್ಸಲ ಬರೆದಿದ್ರಿ, ಆದ್ರೆ ಯಾವುದು ಅಂತ ಹೇಳಲೇ ಇಲ್ಲ. ತಲೆಗೆ ಸ್ವಲ್ಪ ಕೆಲಸ ಕೊಡೋ ಅಂಥದ್ದು ಹೇಳಿ. ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ. ದುಡ್ಡು ಕೊಡಬೇಕಾ? ಕನ್ನಡದಲ್ಲಿ ಏನೂ ಇಲ್ವಾ?" ಇಷ್ಟು ಪ್ರಶ್ನೆ.

ಮೇಡಂ, ದುಡ್ಡು ಕೊಡಬೇಕಿಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ, ಯಾಕೆ ಕೊಡಬೇಕಿಲ್ಲ ಅನ್ನೋದು ಆಮೇಲೆ.

ಪಾಡ್‌ಕಾಸ್ಟ್ (ಬೇಕಾದಾಗ ಫೋನಿನಲ್ಲಿ ಹಾಕಿಕೊಂಡು ಕೇಳೋ ಕಾರ್ಯಕ್ರಮ) ಅಂತ ಹುಡುಕಿದರೆ ಮೊದಲು ಸಿಗೋದು ಇಬ್ಬರು ಮೈಕ್ ಮುಂದೆ ಕೂತು ಎರಡು ಗಂಟೆ ಹರಟೋದು, ಮಧ್ಯೆ ಮಧ್ಯೆ ತಮ್ಮ ಮಾತಿಗೆ ತಾವೇ ನಗೋದು. ಅದು ಬೇಕಿದ್ದರೆ ನಿಮ್ಮ ಬೋಗಿಯಲ್ಲೇ ಅದಕ್ಕಿಂತ ಚೆನ್ನಾಗಿರೋದು ಸಿಗುತ್ತೆ, ಡೇಟಾನೂ ಖರ್ಚಾಗಲ್ಲ. ನಾನು ಹೇಳ್ತಿರೋದು ಬೇರೆ ಜಾತಿಯದು. ಒಂದು ಪ್ರಶ್ನೆ ಹಿಡಿದುಕೊಂಡು, ಸಂಬಂಧಪಟ್ಟವರ ಮನೆಗೆ, ಫ್ಯಾಕ್ಟರಿಗೆ, ಹೊಲಕ್ಕೆ ಹೋಗಿ, ತಿಂಗಳುಗಟ್ಟಲೆ ರೆಕಾರ್ಡ್ ಮಾಡಿ, ಅದರಲ್ಲಿ ಒಂದು ಗಂಟೆಯಷ್ಟು ಮಾತ್ರ ಉಳಿಸಿ ನಮಗೆ ಕೇಳಿಸುವ ಕಾರ್ಯಕ್ರಮಗಳು.

ಒಂದೇ ಒಂದು ಹೇಳಿ ಅಂದರೆ 'ದಿಸ್ ಅಮೆರಿಕನ್ ಲೈಫ್' ಅಂತೀನಿ. 1995ರಲ್ಲಿ ಶಿಕಾಗೋದ ರೇಡಿಯೋ ಸ್ಟೇಷನ್ನಿನಲ್ಲಿ ಶುರುವಾಗಿದ್ದು, ಇರಾ ಗ್ಲಾಸ್ ನಡೆಸಿಕೊಡೋದು. ಅಮೆರಿಕದ ಪತ್ರಕರ್ತರಿಗೆ ಕೊಡೋ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿಯಲ್ಲಿ ಮೊದಲ ಬಾರಿಗೆ ಆಡಿಯೋ ವರದಿಗೂ ಒಂದು ಬಹುಮಾನ ಅಂತ 2020ರಲ್ಲಿ ಇಟ್ಟಾಗ ಅದು ಬಂದಿದ್ದು ಇವರಿಗೇ. ನೂರಾರು ಕಂತುಗಳಿವೆ, ಎಲ್ಲಿಂದ ಶುರು ಮಾಡೋದು ಅಂತ ತಲೆ ಕೆಡಿಸಿಕೊಳ್ಳಬೇಡಿ. 2010ರ 'ನ್ಯೂಮಿ' (NUMMI) ಅನ್ನೋ ಕಂತಿನಿಂದ ಶುರು ಮಾಡಿ. ಅದು ಕ್ಯಾಲಿಫೋರ್ನಿಯಾದ ಒಂದು ಕಾರು ಫ್ಯಾಕ್ಟರಿಯ ಹೆಸರು.

ಕತೆ ಇಷ್ಟು. ಫ್ರೀಮಾಂಟ್ ಅನ್ನೋ ಊರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಫ್ಯಾಕ್ಟರಿ ಇತ್ತು. ಕೆಲಸಗಾರರು ಕುಡಿದು ಬರೋರು, ಬರದೇ ಇರೋರು, ಮ್ಯಾನೇಜರುಗಳಿಗೂ ಅವರಿಗೂ ಹಾವು ಮುಂಗುಸಿ ಸಂಬಂಧ. ಅಲ್ಲಿ ಒಂದೇ ಒಂದು ಕಾನೂನು: ಏನೇ ಆಗಲಿ ಕಾರು ಜೋಡಿಸೋ ಲೈನ್ ನಿಲ್ಲಿಸಬಾರದು. ಕಾರಿಗೆ ತಪ್ಪು ಭಾಗ ಕೂತರೂ ಅದು ಹಾಗೇ ಮುಂದಕ್ಕೆ ಹೋಗಬೇಕು, ಹೊರಗಡೆ ಅಂಗಳದಲ್ಲಿ ರಿಪೇರಿಗೆ ಅಂತ ಸಾಲಾಗಿ ನಿಲ್ಲಬೇಕು. 1982ರಲ್ಲಿ ಫ್ಯಾಕ್ಟರಿ ಮುಚ್ಚಿತು. ಎರಡು ವರ್ಷ ಬಿಟ್ಟು ಟೊಯೋಟಾ ಜೊತೆ ಸೇರಿ ಅದೇ ಜಾಗದಲ್ಲಿ, ಬಹುಪಾಲು ಅದೇ ಜನರನ್ನ ಇಟ್ಟುಕೊಂಡು ಮತ್ತೆ ತೆಗೆದರು. ಈ ಕೆಲಸಗಾರರನ್ನ ಗುಂಪು ಗುಂಪಾಗಿ ಜಪಾನಿಗೆ ಕಳಿಸಿದರು. ಅಲ್ಲಿ ಇವರು ನೋಡಿದ್ದು ತಲೆಯ ಮೇಲೆ ನೇತಾಡುವ ಒಂದು ಹಗ್ಗ. ಕೆಲಸದಲ್ಲಿ ಏನಾದರೂ ಎಡವಟ್ಟಾದರೆ ಯಾರು ಬೇಕಾದರೂ ಆ ಹಗ್ಗ ಎಳೀಬಹುದು. ಎಳೆದ ತಕ್ಷಣ ಮೇಲಿನವರು ಓಡಿ ಬರ್ತಾರೆ. ಬೈಯೋದಕ್ಕಲ್ಲ, ಏನು ಸಹಾಯ ಬೇಕು ಅಂತ ಕೇಳೋದಕ್ಕೆ. ಸರಿಹೋಗದಿದ್ದರೆ ಇಡೀ ಲೈನೇ ನಿಲ್ಲುತ್ತೆ.

ವಾಪಸ್ ಬಂದು ಅದೇ ಜನ ಒಳ್ಳೇ ಕಾರು ಮಾಡಿದರು. ಇಲ್ಲಿಗೆ ಮುಗಿದಿದ್ದರೆ ಸುಮ್ನೆ ಒಂದು ನೀತಿಕತೆ ಆಗ್ತಿತ್ತು. ಆದರೆ ಕಂತಿನ ಅರ್ಧ ಭಾಗ ಇರೋದೇ ಮುಂದಿನ ಪ್ರಶ್ನೆ ಮೇಲೆ: ಕಣ್ಣೆದುರಿಗೇ ಉತ್ತರ ಇತ್ತಲ್ಲ, ಹಾಗಾದರೆ ಉಳಿದ ಫ್ಯಾಕ್ಟರಿಗಳಿಗೆ ಅದನ್ನ ಒಯ್ಯೋಕೆ ಆ ಕಂಪನಿಗೆ ಯಾಕೆ ಅಷ್ಟು ವರ್ಷ ಹಿಡೀತು? 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿ ಎದ್ದಿತು, 2010ರಲ್ಲಿ ನ್ಯೂಮಿ ಮುಚ್ಚಿತು. ಈಗ ಅದೇ ಕಟ್ಟಡದಲ್ಲಿ ಟೆಸ್ಲಾ ಕಾರು ತಯಾರಾಗುತ್ತೆ.

ಇದನ್ನೇ ಮೊದಲು ಹೇಳೋದಕ್ಕೆ ಕಾರಣ ಇದೆ. ನಮ್ಮ ನರಸಾಪುರ, ವೇಮಗಲ್, ಮಾಲೂರು ಕಡೆ ಲೈನ್ ಮೇಲೆ ಕೆಲಸ ಮಾಡೋರು ಈಗ ಮನೆಗೊಬ್ಬರು ಇದ್ದಾರೆ. ನಿಮ್ಮ ಗುಂಪಿನಲ್ಲೂ ಯಾರದೋ ತಮ್ಮನೋ ಮಗಳೋ ಇರಬಹುದು. ಕೇಳಿ ಆದಮೇಲೆ ಅವರನ್ನ ಕೇಳಿ ನೋಡಿ: ನಿಮ್ಮಲ್ಲಿ ಆ ಹಗ್ಗ ಇದೆಯಾ, ಇದ್ದರೂ ಎಳೆಯೋ ಧೈರ್ಯ ಇದೆಯಾ ಅಂತ. ನನ್ನ ಪ್ರಕಾರ ಒಳ್ಳೇ ಕಂತು ಅಂದರೆ ಅದೇ. ಅಮೆರಿಕದ ವಿಷಯ ಹೇಳಿದರೂ ಇಳಿಯುವಾಗ ನಮ್ಮೂರಿನ ಪ್ರಶ್ನೆ ಹುಟ್ಟಬೇಕು. ಹುಟ್ಟದೇ ಇದ್ದರೆ ಅದು ಎಷ್ಟೇ ಹೆಸರು ಮಾಡಿದ್ದಾಗಲಿ ಬಿಟ್ಟು ಮುಂದೆ ಹೋಗಿ.

ದುಡ್ಡಿನ ವಿಷಯ ಇಷ್ಟವಾದರೆ 'ಪ್ಲಾನೆಟ್ ಮನಿ' ಹಿಡೀರಿ. ಎನ್‌ಪಿಆರ್ ಅನ್ನೋ ಅಮೆರಿಕದ ಸಾರ್ವಜನಿಕ ರೇಡಿಯೋ ಜಾಲದ್ದು. 2008ರಲ್ಲಿ ಮನೆ ಸಾಲಗಳು ಮುಳುಗಿ ಬ್ಯಾಂಕುಗಳು ಕುಸಿದಾಗ, ಆದಾಯವೇ ಇಲ್ಲದವರಿಗೆ ಅಷ್ಟು ಸಾಲ ಯಾಕೆ ಕೊಟ್ಟರು ಅಂತ 'ದಿಸ್ ಅಮೆರಿಕನ್ ಲೈಫ್'ನಲ್ಲಿ ಒಂದು ಕಂತು ಬಂತು. ಅದು ಎಷ್ಟು ಜನಕ್ಕೆ ಹಿಡಿಸಿತು ಅಂದರೆ ಅದರಿಂದಲೇ ಈ ಕಾರ್ಯಕ್ರಮ ಹುಟ್ಟಿತು. ಕಂತುಗಳು ಅರ್ಧ ಗಂಟೆಯೊಳಗೇ ಮುಗಿಯುತ್ತವೆ, ನಿಮಗೆ ಮಾಲೂರು ದಾಟೋ ಹೊತ್ತಿಗೆ ಒಂದು ಆಗಿರುತ್ತೆ. 2013ರಲ್ಲಿ ಇವರು ಒಂದು ಟೀ ಶರ್ಟ್ ಮಾಡಿಸಿದರು. ಮಿಸಿಸಿಪ್ಪಿಯ ಹತ್ತಿ, ಇಂಡೋನೇಷ್ಯಾದಲ್ಲಿ ನೂಲು, ಬಾಂಗ್ಲಾದೇಶದಲ್ಲಿ ಹೊಲಿಗೆ. ಪ್ರತಿ ಜಾಗಕ್ಕೂ ಹೋಗಿ ಯಾರ ಕೈಗೆ ಎಷ್ಟು ಸೇರ್ತು ಅಂತ ಕೇಳಿದರು. ನಮ್ಮ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಹೊರಟ ರೇಷ್ಮೆ, ಸೀರೆಯಾಗಿ ಮದುವೆ ಮನೆ ಸೇರೋ ತನಕ ಯಾರಾದರೂ ಹೀಗೆ ಮೈಕ್ ಹಿಡ್ಕೊಂಡು ಹಿಂದೆ ಹೋಗಿದ್ದಾರಾ? 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿದಾಗ ಟೀವಿಯವರೆಲ್ಲ ಬಂದರು. ಅದೇ ಟೊಮೆಟೊನ ರಸ್ತೆಗೆ ಸುರಿಯೋ ಕಾಲದಲ್ಲಿ ಫೋಟೋ ತೆಗೆಯೋಕೆ ಒಬ್ಬರು ಬಂದರೆ ಹೆಚ್ಚು.

ವಿಜ್ಞಾನಕ್ಕೆ 'ರೇಡಿಯೋಲ್ಯಾಬ್', ನ್ಯೂಯಾರ್ಕಿನದು. ಇದನ್ನ ಹೆಡ್‌ಫೋನ್ ಹಾಕಿಯೇ ಕೇಳಿ, ಸದ್ದಿನ ಕೆಲಸ ಅಷ್ಟು ಚೆನ್ನಾಗಿದೆ. 2012ರ 'ಕಲರ್ಸ್' ಕಂತಿನಲ್ಲಿ ಯಾವ ಪ್ರಾಣಿಗೆ ಎಷ್ಟು ಬಣ್ಣ ಕಾಣುತ್ತೆ ಅನ್ನೋದನ್ನ ರೇಡಿಯೋದಲ್ಲಿ ತೋರಿಸೋದು ಹೇಗೆ ಅಂತ ಯೋಚಿಸಿ, ಹಾಡುಗಾರರ ದೊಡ್ಡ ಗುಂಪನ್ನೇ ಕರೆಸಿದರು. ನಾಯಿಗೆ ಸ್ವಲ್ಪ ದನಿ, ಮನುಷ್ಯನಿಗೆ ಇನ್ನಷ್ಟು, ಮ್ಯಾಂಟಿಸ್ ಸೀಗಡಿ ಬಂದಾಗ ಎಲ್ಲರೂ ಒಟ್ಟಿಗೆ. (ಆ ಸೀಗಡಿಗೆ ಬಣ್ಣದ ವ್ಯತ್ಯಾಸ ಗುರುತಿಸೋದು ಅಷ್ಟೇನೂ ಬರಲ್ಲ ಅಂತ 2014ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಪಾಪ, ಹಾಡು ಮಾತ್ರ ಈಗಲೂ ಚೆನ್ನಾಗಿದೆ.)

'99% ಇನ್ವಿಸಿಬಲ್' ಕೂಡ ಒಳ್ಳೇದೇ. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರೇಡಿಯೋದಲ್ಲಿ ಶುರುವಾಗಿದ್ದು, ಈಗ ಖಾಸಗಿ ಕಂಪನಿಯ ಕೈಲಿದೆ. ಫುಟ್‌ಪಾತಿನ ಅಂಚಿನಲ್ಲಿ ಗಾಲಿಕುರ್ಚಿ ಇಳಿಯೋಕೆ ಇಳಿಜಾರು ಮಾಡ್ತಾರಲ್ಲ, ಅದಕ್ಕಾಗಿ ಬರ್ಕ್ಲಿಯಲ್ಲಿ ಅಂಗವಿಕಲರು ಹೋರಾಡಿದ ಕತೆ ಕೇಳಿ. ಕೋಲಾರದಲ್ಲಿ ಮೊದಲು ಫುಟ್‌ಪಾತ್ ಸಿಗಬೇಕು, ಇಳಿಜಾರು ಆಮೇಲೆ.

ಬಿಬಿಸಿಯ 'ಇನ್ ಅವರ್ ಟೈಮ್' ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಸಂಗೀತ ಇಲ್ಲ, ನಾಟಕ ಇಲ್ಲ. ಮೂವರು ಪ್ರೊಫೆಸರ್‌ಗಳು, ಒಂದೇ ವಿಷಯ, ಮುಕ್ಕಾಲು ಗಂಟೆ. 1998ರಿಂದ 2025ರ ತನಕ ಮೆಲ್ವಿನ್ ಬ್ರ್ಯಾಗ್ ನಡೆಸಿದರು. ಯಾರಾದರೂ ಸುತ್ತಿ ಬಳಸಿ ಮಾತಾಡಿದರೆ ಮುಲಾಜಿಲ್ಲದೆ ತಡೆದು ವಿಷಯಕ್ಕೆ ಎಳೆದು ತರೋರು. ಅಶೋಕನ ಮೇಲೆ, ಭಗವದ್ಗೀತೆ ಮೇಲೆ, ಸೊನ್ನೆಯ ಮೇಲೂ ಕಂತುಗಳಿವೆ. ನಿದ್ದೆಗೆಟ್ಟ ದಿನ ಇದನ್ನ ಹಾಕಬೇಡಿ, ಸ್ಟೇಷನ್ ತಪ್ಪುತ್ತೆ.

ಇನ್ನು ದುಡ್ಡಿನ ಪ್ರಶ್ನೆ. ಅಮೆರಿಕದಲ್ಲಿ 1967ರಲ್ಲಿ ಒಂದು ಕಾನೂನು ಮಾಡಿ ಸಾರ್ವಜನಿಕ ರೇಡಿಯೋಗೆ ಸರ್ಕಾರದ ಹಣ ಸಿಗೋ ಹಾಗೆ ಮಾಡಿದರು. ಅದಕ್ಕಿಂತ ಜಾಸ್ತಿ ಕೇಳುಗರೇ ಕೊಡ್ತಾರೆ, ಕಂಪನಿಗಳ ಪ್ರಾಯೋಜಕತ್ವವೂ ಇರುತ್ತೆ. ವರ್ಷಕ್ಕೆ ಕೆಲವು ಸಲ ಕಾರ್ಯಕ್ರಮ ನಿಲ್ಲಿಸಿ ಚಂದಾ ಕೇಳೋದೂ ಉಂಟು. 2025ರಲ್ಲಿ ಅಲ್ಲಿನ ಸಂಸತ್ತು ಮುಂದಿನ ಎರಡು ವರ್ಷಕ್ಕೆ ಅಂತ ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ವಾಪಸ್ ತಗೊಂಡಿತು. ಸಣ್ಣ ಊರಿನ ಸ್ಟೇಷನ್‌ಗಳಿಗೇ ಪೆಟ್ಟು ಜಾಸ್ತಿ, ಯಾಕಂದ್ರೆ ಅವುಗಳ ಹತ್ತಿರ ಚಂದಾ ಕೊಡೋ ಶ್ರೀಮಂತ ಕೇಳುಗರು ಕಡಿಮೆ. ನಮ್ಮಲ್ಲೂ ಒಂದು ಕಾಲಕ್ಕೆ ರೇಡಿಯೋ ಇಟ್ಟುಕೊಂಡವರು ಪೋಸ್ಟ್ ಆಫೀಸಿಗೆ ಹೋಗಿ ವರ್ಷಾ ವರ್ಷಾ ಲೈಸೆನ್ಸ್ ಕಟ್ಟಬೇಕಿತ್ತು, 80ರ ದಶಕದಲ್ಲಿ ಅದು ಹೋಯಿತು. ನಿಮ್ಮ ಮನೆ ಹಿರಿಯರನ್ನ ಕೇಳಿ, ಆ ಲೈಸೆನ್ಸ್ ಪುಸ್ತಕ ಇನ್ನೂ ಬೀರುವಿನಲ್ಲಿ ಇದ್ದರೂ ಇರಬಹುದು.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಎನ್‌ಪಿಆರ್ ಮತ್ತು 'ದಿಸ್ ಅಮೆರಿಕನ್ ಲೈಫ್' ತಮ್ಮ ಕಂತುಗಳ ಪೂರ್ತಿ ಮಾತನ್ನ ವೆಬ್‌ಸೈಟಿನಲ್ಲಿ ಬರಹವಾಗಿ ಹಾಕ್ತಾರೆ, ಅದೂ ಪುಕ್ಕಟೆ. ಮೊದಲ ಎರಡು ಪುಟ ಓದಿಕೊಂಡು ಆಮೇಲೆ ಕೇಳಿದರೆ ಯಾರು ಯಾರು ಮಾತಾಡ್ತಿದ್ದಾರೆ ಅಂತ ಹಿಡಿತ ಸಿಗುತ್ತೆ. ಪಾಡ್‌ಕಾಸ್ಟ್ ಕೇಳೋ ಆಪ್‌ನಲ್ಲಿ ವೇಗ 0.8ಕ್ಕೆ ಇಳಿಸಿ. ರಾತ್ರಿ ಮನೆ ವೈಫೈನಲ್ಲಿ ಇಳಿಸಿಕೊಂಡಿರಿ, ಟೇಕಲ್ ಹತ್ತಿರ ನೆಟ್‌ವರ್ಕ್ ಕೈಕೊಟ್ಟರೂ ಚಿಂತೆ ಇರಲ್ಲ.

ಕನ್ನಡದಲ್ಲಿ? ಇದೆ, ಆದರೆ ಈ ಮಾದರಿಯದು ಕಡಿಮೆ. 2019ರಲ್ಲಿ ಶುರುವಾದ 'ತಲೆ-ಹರಟೆ' ಪಾಡ್‌ಕಾಸ್ಟ್ ಸಾರ್ವಜನಿಕ ರೇಡಿಯೋ ಅಲ್ಲ, ಮಾತುಕತೆಯೇ ಜಾಸ್ತಿ, ಆದರೂ ತಿಳಿದವರನ್ನ ಕೂರಿಸಿಕೊಂಡು ಮಾತಾಡಿಸ್ತಾರೆ, ಹೆಸರು ನೋಡಿ ಮೋಸ ಹೋಗಬೇಡಿ. ಆಕಾಶವಾಣಿ ಬೆಂಗಳೂರು ನ್ಯೂಸ್ ಆನ್ ಏರ್ ಆಪ್‌ನಲ್ಲಿ ಸಿಗುತ್ತೆ. ಆದರೆ ಆಕಾಶವಾಣಿ ಒಂದೇ ಪ್ರಶ್ನೆಯ ಹಿಂದೆ ತಿಂಗಳುಗಟ್ಟಲೆ ಬೀಳೋದನ್ನ ನಾನಂತೂ ಕೇಳಿಲ್ಲ, ಅದು ನನಗೆ ಬೇಜಾರಿನ ವಿಷಯ.

ಒಂದು ಮಾತ್ರ ನಿಮ್ಮ ತಾಲ್ಲೂಕಿನದೇ ಹೇಳಲೇಬೇಕು. ಬೂದಿಕೋಟೆ ಅಂದರೆ ಹೈದರಾಲಿ ಹುಟ್ಟಿದ ಊರು ಅಂತ ಎಲ್ಲರಿಗೂ ಗೊತ್ತು. ಅಲ್ಲಿ 'ನಮ್ಮ ಧ್ವನಿ' ಅಂತ ಜನರ ರೇಡಿಯೋ ನಡೀತಿತ್ತು ಅಂದರೆ ಎಷ್ಟು ಜನಕ್ಕೆ ಗೊತ್ತು? ಗಾಳಿಯ ತರಂಗ ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ, ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸೋಕೆ ದಾರಿ ಬಿಟ್ಟಿದ್ದು 2006ರಲ್ಲಿ. ಬೂದಿಕೋಟೆಯವರು ಅಲ್ಲಿ ತನಕ ಕಾಯಲಿಲ್ಲ. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ಜೊತೆ, ಯುನೆಸ್ಕೋ ನೆರವು ತಗೊಂಡು, ಗಾಳಿಯಲ್ಲಿ ಬಿಡೋಕೆ ಪರವಾನಗಿ ಇಲ್ಲ ಅಂದರೆ ತಂತಿಯಲ್ಲಿ ಬಿಡೋಣ ಅಂತ ಕೇಬಲ್ ಮೂಲಕವೇ ಮನೆಗಳಿಗೆ ಕಾರ್ಯಕ್ರಮ ಕೊಟ್ಟರು. ಮಹಿಳಾ ಸಂಘದವರೇ ಅದರ ಬೆನ್ನೆಲುಬು. ಆಗ ರೆಕಾರ್ಡ್ ಮಾಡಿದವರು, ಮೈಕ್ ಮುಂದೆ ಮಾತಾಡಿದವರು ನಿಮ್ಮ ಸುತ್ತಮುತ್ತಲೇ ಇರಬಹುದು. ಯಾರಾದರೂ ಸಿಕ್ಕರೆ ನಮಗೆ ತಿಳಿಸಿ, ಅವರ ಮೇಲೆ ಒಂದು ಲೇಖನ ಮಾಡಬೇಕು ಅಂತ ಆಸೆ ಇದೆ.

ನಿಮ್ಮ ಗುಂಪಿಗೆ ಒಂದು ಕೋರಿಕೆ. ಫೋನಿನ ಸ್ಪೀಕರ್ ಹಾಕಿ ಇಡೀ ಬೋಗಿಗೆ ಕೇಳಿಸಬೇಡಿ, ಎಲ್ಲರೂ ಅವರವರ ಕಿವಿಗೆ ಹಾಕ್ಕೊಂಡು ಒಂದೇ ಕಂತು ಕೇಳಿ, ಕೆ.ಆರ್. ಪುರ ಬಂದಮೇಲೆ ಜಗಳ ಆಡಿ. ನ್ಯೂಮಿ ಕಂತು ಕೇಳಿ ಏನನ್ನಿಸಿತು ಅಂತ ಬರೆದು ಕಳಿಸಿದರೆ ಪತ್ರಗಳ ಪುಟದಲ್ಲಿ ಹಾಕ್ತೀವಿ. 200 ಪದ ಮೀರಬೇಡಿ, ಮೀರಿದರೆ ಕತ್ತರಿ ಹಾಕೋದು ನಾನೇ.

— ಸಂ.