ಬೆಳಿಗ್ಗೆಗೂ ನಿಲ್ಲದ ಗುಂಯ್ ಸದ್ದು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

24 ವರ್ಷದ ಈ ಯುವಕ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಜೊತೆಗೆ ಸಣ್ಣದಕ್ಕೂ ಸಿಟ್ಟು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಮನೆಯವರು ಒತ್ತಡ ಇರಬೇಕು ಎಂದುಕೊಂಡಿದ್ದರು. ಮಲಗಿದ ಮೇಲೆ ಏನಾಗುತ್ತದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಿವಿಯಲ್ಲಿ ಗುಂಯ್ ಅಂತಿರುತ್ತೆ ಮೇಡಂ. ರಾತ್ರಿ ಜಾಸ್ತಿ. ನನಗೇನು ಹುಚ್ಚು ಹಿಡೀತಿದೆಯಾ?" ಎಂದ.

ಹುಚ್ಚಲ್ಲ, ಇದು ಟಿನಿಟಸ್, ಹೊರಗೆ ಸದ್ದಿಲ್ಲದಿದ್ದರೂ ಕಿವಿಗೆ ಸದ್ದು ಕೇಳುವುದು, ತುಂಬಾ ಜನರಿಗಿದೆ ಎಂದೆ. ಆ ಮಾತಿಗೇ ಅರ್ಧ ಭಾರ ಇಳಿದಂತೆ ಉಸಿರು ಬಿಟ್ಟ.

ವಾರದ ಕೊನೆಗೆ ಡಿಜೆ ಪಾರ್ಟಿ, ನಿಲ್ಲುವುದು ಸ್ಪೀಕರ್ ಪಕ್ಕದಲ್ಲೇ. ಉಳಿದ ದಿನ ಬಸ್ಸಿನಲ್ಲಿ, ಜಿಮ್‌ನಲ್ಲಿ ಇಯರ್‌ಫೋನ್, ಸುತ್ತಲಿನ ಗಲಾಟೆ ಮುಚ್ಚಿಹೋಗುವಷ್ಟು ಜೋರು. ಪಾರ್ಟಿಯ ರಾತ್ರಿ ಕಿವಿ ಕಟ್ಟಿಕೊಳ್ಳುವುದು, ಗುಂಯ್‌ಗುಡುವುದು ಹಳೆಯ ಅನುಭವ. "ಬೆಳಿಗ್ಗೆ ಸರಿಹೋಗ್ತಿತ್ತಲ್ಲ, ಅದಕ್ಕೇ ತಲೆ ಕೆಡಿಸಿಕೊಳ್ಳಲಿಲ್ಲ." ಈ ಸಲ ವಾರಗಳು ಕಳೆದರೂ ನಿಂತಿರಲಿಲ್ಲ.

ನನಗೆ ಸಂಕಟವಾಗುವುದು ಇಲ್ಲೇ. ಬೆಳಿಗ್ಗೆ ಸರಿಹೋಯಿತು ಎಂದರೆ ಏನೂ ಆಗಿಲ್ಲ ಎಂದುಕೊಳ್ಳುತ್ತಾರೆ. ಒಂದೊಂದು ಒಳಕಿವಿಯಲ್ಲಿ ಸದ್ದು ಹಿಡಿಯುವ ಕೂದಲು ಕೋಶಗಳು ಸುಮಾರು 15,000 ಇವೆ. ಜೋರು ಸದ್ದಿಗೆ ಅವು ಸುಸ್ತಾಗುತ್ತವೆ, ಬಿಡುವು ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ಪೆಟ್ಟು ಮತ್ತೆ ಮತ್ತೆ ಬಿದ್ದರೆ ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಮಾತು ಮುಂದುವರಿಸುವ ಮೊದಲು ಕಿವಿಯ ಡಾಕ್ಟರ ಬಳಿ ಕಳಿಸಿದೆ. ಶ್ರವಣ ಪರೀಕ್ಷೆಯ ಗ್ರಾಫ್‌ನಲ್ಲಿ 4,000 ಹರ್ಟ್ಸ್ ಹತ್ತಿರ ತಗ್ಗು ಕಂಡಿತು, ಅಂದರೆ ಆ ಎತ್ತರದ ಸ್ವರಗಳು ಕಡಿಮೆ ಕೇಳುತ್ತಿದ್ದವು. ಜೋರು ಸದ್ದು ಸಾಮಾನ್ಯವಾಗಿ ಮೊದಲು ಕೆಡಿಸುವುದು ಈ ಭಾಗವನ್ನೇ. ಸ, ಶ, ಫ ತರಹದ ಸದ್ದುಗಳು ಸ್ಪಷ್ಟವಾಗಿ ಕೇಳಬೇಕಾದರೆ ಇಂಥ ಎತ್ತರದ ಸ್ವರಗಳು ಕೇಳಬೇಕು. ಗದ್ದಲದಲ್ಲಿ ಗೆಳತಿಯ ಮಾತಿಗೆ ಪದೇ ಪದೇ "ಏನು?" ಎನ್ನುತ್ತಿದ್ದನಂತೆ. ತನ್ನ ಮಾತಿಗೆ ಗಮನವೇ ಕೊಡುವುದಿಲ್ಲ ಎಂದು ಆಕೆಗೆ ಬೇಸರ. ಆ ಜಗಳದ ಹಿಂದೆಯೂ ಕಿವಿಯೇ ಇತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳಿದೆ. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಬಂದರೆ ಇಡೀ ವಾರಕ್ಕೆ ಸುಮಾರು 20 ನಿಮಿಷ. ಪಾರ್ಟಿಯಲ್ಲಿ ಈತ ಇರುತ್ತಿದ್ದದ್ದು ನಾಲ್ಕು ಗಂಟೆ. ತಾನೇ ಲೆಕ್ಕ ಹಾಕಿ ತಲೆ ತಗ್ಗಿಸಿದ. ಆಮೇಲೆ, "ಪಾರ್ಟಿ ಬಿಟ್ಟರೆ ಫ್ರೆಂಡ್ಸೇ ಇರಲ್ಲ ಮೇಡಂ" ಎಂದ.

ಬಿಡಿ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದ್ದರೆ ಮತ್ತೆ ಬರುತ್ತಲೇ ಇರಲಿಲ್ಲ. ಸಂಗೀತಗಾರರು ಬಳಸುವ ಇಯರ್‌ಪ್ಲಗ್ ತಗೊಳ್ಳಿ, ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಒಂದೇ ಸಮ ತಗ್ಗಿಸುತ್ತದೆ, ಹಾಡು ಕೆಡುವುದಿಲ್ಲ ಎಂದೆ. ಹತ್ತಿ ಉಪಯೋಗಕ್ಕೆ ಬರುವುದಿಲ್ಲ. ಸ್ಪೀಕರ್‌ನಿಂದ ದೂರ ನಿಲ್ಲಿ, ಆಗಾಗ ಹೊರಗೆ ಹೋಗಿ ಕಿವಿಗೆ ಬಿಡುವು ಕೊಡಿ. ಇಯರ್‌ಫೋನ್ ಶೇ. 60ರ ಒಳಗಿರಲಿ. ಹೊರಗಿನ ಸದ್ದು ತಡೆಯುವಂಥದ್ದಾದರೆ ವಾಲ್ಯೂಮ್ ಏರಿಸುವ ಆಸೆಯೇ ಕಡಿಮೆ.

ಗುಂಯ್ ಸದ್ದಿಗೆ ಬೇರೆಯದೇ ದಾರಿ. ಈತ ಹೆದರಿ ಹಗಲೆಲ್ಲ ಪ್ಲಗ್ ಹಾಕಿಕೊಳ್ಳಲು ಶುರು ಮಾಡಿದ್ದ. ನಿಶ್ಶಬ್ದದಲ್ಲಿ ಅದು ಇನ್ನೂ ಎದ್ದು ಕೇಳುತ್ತದೆ, ಸಾಮಾನ್ಯ ಸದ್ದೂ ಚುಚ್ಚತೊಡಗುತ್ತದೆ. ಜೋರು ಸದ್ದಿಲ್ಲದ ಕಡೆ ತೆಗೆದುಬಿಡಿ ಎಂದೆ. ಮಲಗುವಾಗ ಫ್ಯಾನ್ ಅಥವಾ ಮಳೆಯ ಸದ್ದು ಮೆಲ್ಲಗೆ ಇಟ್ಟುಕೊಳ್ಳಲು ಹೇಳಿದೆ. ಹೆದರಿದಷ್ಟೂ ಮನಸ್ಸು ಅದನ್ನೇ ಹುಡುಕುತ್ತದೆ. ಇದೆಯಾ, ಹೋಯ್ತಾ ಎಂದು ಕಿವಿಗೊಡುವ ಅಭ್ಯಾಸ ಬಿಡಿಸಲು ನಮಗೆ ಹಲವು ಭೇಟಿ ಬೇಕಾದವು.

ಪ್ಲಗ್ ನೋಡಿ ಒಬ್ಬ ಗೆಳೆಯ "ಏನೋ, ಅಜ್ಜ ಆಗ್ಬಿಟ್ಯಾ?" ಎಂದು ರೇಗಿಸಿದನಂತೆ. ಇನ್ನೊಬ್ಬ ಪಕ್ಕಕ್ಕೆ ಕರೆದು, ತನಗೂ ಗುಂಯ್ ಅನ್ನುತ್ತೆ ಎಂದನಂತೆ.

ಈತನ ಸದ್ದು ಪೂರ್ತಿ ಹೋಗಿಲ್ಲ. ನಿದ್ದೆ ಮಾತ್ರ ಮರಳಿದೆ. ಒಂದೇ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ, ನಾಡಿಯ ಹಾಗೆ ಮಿಡಿಯುತ್ತಿದ್ದರೆ ಕಿವಿಯ ಡಾಕ್ಟರಿಗೆ ತೋರಿಸಿ. ಕೇಳಿಸುವುದು ಹಠಾತ್ತನೆ ಕಡಿಮೆಯಾದರೆ ಅವತ್ತೇ ಹೋಗಿ. ಅದಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಕೇಳುವಿಕೆ ಮರಳುವ ಸಾಧ್ಯತೆ ಜಾಸ್ತಿ.